ಹಾಲಿಲ್ಲದ ಐಸ್‌ಕ್ರೀಮು

ಕೈರೋದ ಶುಬ್ರಾ ಕಡೆಯ ನಮ್ಮ ಗಲ್ಲಿಯಲ್ಲಿ ದೊಡ್ಡ ಉಪವಾಸ ಶುರುವಾಯಿತೆಂದರೆ ಪಾದ್ರಿಗಿಂತ ಇನ್ಸಾಫ್ ದೊಡ್ಡಮ್ಮನಿಗೇ ಕೆಲಸ ಜಾಸ್ತಿ. ಈಸ್ಟರ್ ಬರುವವರೆಗೆ ನಮ್ಮವರ ನಾಲಗೆಗೆ ಹಾಲು, ಬೆಣ್ಣೆ ಸೋಕಕೂಡದು. ಕಂಪನಿಯವರೋ ಕಂಡದ್ದರ ಮೇಲೆಲ್ಲ ‘ಹಾಲಿಲ್ಲ, ಉಪವಾಸಕ್ಕೆ ಆಗುತ್ತದೆ’ ಎಂದು ಅಚ್ಚು ಹಾಕಿ ಕೈತೊಳೆದುಕೊಳ್ಳುತ್ತಾರೆ. ದೊಡ್ಡಮ್ಮ ಅಷ್ಟಕ್ಕೆಲ್ಲ ಬಗ್ಗುವವಳಲ್ಲ. ಅಂಗಡಿಯಲ್ಲೇ ನಿಂತು, ಭೂತಗನ್ನಡಿ ಹಿಡಿದು, ಪೊಟ್ಟಣದ ಬೆನ್ನಿನ ಇರುವೆಯಂಥ ಅಕ್ಷರಗಳನ್ನು ಪ್ರಾರ್ಥನೆಯಂತೆ ಗಟ್ಟಿಯಾಗಿ ಓದುತ್ತಾಳೆ. “ಕೇಸಿನೇಟ್ ಅಂತೆ! ಹಾಲಿಂದಲೇ ತೆಗೆಯೋದು ಅದು. ಹಸು ಹೆಸರು ಬದಲಾಯಿಸ್ಕೊಂಡು ಬಂದಿದೆ ಕಣೋ ವದೀ!” “ನಿಮ್ ಕಣ್ಣಿಗೆ ನಲ್ಲಿ ನೀರಲ್ಲೂ ಹಾಲೇ ಕಾಣುತ್ತೆ, ದೊಡ್ಡಮ್ಮ” ಎಂದು ಅಂಗಡಿಯ ವದೀ ಗೊಣಗಿದರೆ, “ನೀನು ಹಾಲಿಗೆ ನೀರು ಬೆರೆಸೋನು, ನಿಂಗೆ ಉಲ್ಟಾ ಕಾಣುತ್ತೆ” ಎಂಬ ಉತ್ತರ ಸಿದ್ಧ. ಅವಳು ಎದುರಾದರೆ ನಮ್ಮಂಥ ಅರೆ ಉಪವಾಸಿಗಳ ಬಿಸ್ಕತ್ತು ತಾನಾಗಿ ಜೇಬಿಗಿಳಿಯುತ್ತದೆ. ಪಾದ್ರಿಯ ಮನೆಗೆ ಬೆಣ್ಣೆಯ ಬದಲಿಗೆಂದು ಹೊರಟಿದ್ದ ಮಾರ್ಗರಿನ್ ಡಬ್ಬಿಯನ್ನೂ ಅವಳು ಅರ್ಧ ದಾರಿಯಿಂದ ಹಿಂದಕ್ಕೆ ಕಳಿಸಿದ್ದುಂಟು. ಈ ವರ್ಷ ಅವಳ ಗಂಡ ಲಬೀಬರಿಗೆ ಗಂಟಲಲ್ಲಿ ಹುಣ್ಣು; ತಣ್ಣಗಿನದಲ್ಲದೆ ಏನೂ ಇಳಿಯದು. ಪಾದ್ರಿಯೇ ಬಂದು “ಕಾಯಿಲೆಯವರಿಗೆ ಉಪವಾಸ ಬೇಡ” ಎಂದರೂ ಮುದುಕರು ಒಪ್ಪಲಿಲ್ಲ, ದಿನದಿನಕ್ಕೆ ಸೊರಗಿದರು. ಮೊನ್ನೆ ದೊಡ್ಡಮ್ಮ ‘ಹಾಲಿಲ್ಲದ’ ಐಸ್‌ಕ್ರೀಮಿನ ಡಬ್ಬಿಯೊಂದನ್ನು ತಿರುಗಿಸಿ ಓದಿದಳು. ಕೇಸಿನೇಟು ಅಲ್ಲೂ ಕೂತಿತ್ತು. ವದೀ ಬೈಗುಳಕ್ಕೆ ಸಿದ್ಧನಾಗಿ ನಿಂತ. ಅವಳು ದುಡ್ಡು ಎಣಿಸಿಕೊಟ್ಟು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಮನೆಯಲ್ಲಿ ಚಮಚ ತುಟಿಯ ಹತ್ತಿರ ಬಂದಾಗ ಗಂಡ ಕೇಳಿದರು: “ಸರಿಯಾಗಿ ಓದಿದ್ದೀಯೇನೇ?” “ಓದಿದೀನಿ ಕಣ್ರೀ, ಪೂರ್ತಿ ಓದಿದೀನಿ. ಬಾಯಿ ತೆಗೀರಿ.”