ಮೂರು ಗೋಡೆಯ ಮನೆ

ನನ್ನ ತಮ್ಮ ಬಡಗಿ. ಊರಿನ ಅರ್ಧ ಜನರ ಅಡುಗೆಮನೆಯ ಕಪಾಟು ಅವನ ಕೈಕೆಲಸವೇ. ಕೆಲಸದಲ್ಲಿ ಹುಲಿ, ಮಾತಿನಲ್ಲಿ ಮಾತ್ರ ಕಡುಜಿಪುಣ. ಹೆಂಡತಿ ತೀರಿಕೊಂಡ ಮೇಲೆ ಮಗಳು ಚಿನ್ನಿಯನ್ನು ಅವನೂ ನಾನೂ ಸೇರಿ ಬೆಳೆಸಿದೆವು.

ಈ ಬೇಸಿಗೆಯಲ್ಲಿ ಅವಳು ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದ ಕಟ್ಟಡ ಕುಸಿದುಬಿತ್ತು. ಅದರ ಅಡಿಯಿಂದ ಅವಳನ್ನು ತೆಗೆದದ್ದು ಮಾರನೆಯ ದಿನ. ಒಂದು ಮೂಳೆಯೂ ಮುರಿದಿರಲಿಲ್ಲ. ಅದೃಷ್ಟವಂತೆ ಎಂದರು ಎಲ್ಲರೂ. ಅವರ ಅದೃಷ್ಟಕ್ಕಿಷ್ಟು ಬೆಂಕಿ ಹಾಕ! ಮನೆಗೆ ಕರೆತಂದರೆ ಹೊಸ್ತಿಲಲ್ಲಿ ನಿಂತವಳು ಒಳಗೆ ಬರಲೇ ಇಲ್ಲ. ರಮಿಸಿದೆ, ಗದರಿದೆ, ಕೈಹಿಡಿದು ಎಳೆದೂ ನೋಡಿದೆ. ಒಳಗೆ ಕಾಲಿಟ್ಟರೆ ಉಸಿರು ಸಿಕ್ಕಿಕೊಂಡು ತುಟಿ ನೀಲಿಯಾಗುತ್ತಿತ್ತು. ಕೊನೆಗೆ ಊರಾಚೆ, ತೊರೆಯ ಮೇಲಿನ ದಿಬ್ಬದಲ್ಲಿ ಮರಗಳ ಕೆಳಗೆ ಮಲಗತೊಡಗಿದಳು. ತಮ್ಮನೂ ಹಾಸಿಗೆ ಹೊತ್ತುಕೊಂಡು ಅಲ್ಲಿಗೇ ಹೋದ.

ಬೇಸಿಗೆಗೆ ಅದೇನೋ ಸರಿ. ಆದರೆ ನಮ್ಮ ಈ ಎತ್ತರದ ಬೆಟ್ಟದೂರಿನಲ್ಲಿ ಚಳಿಗಾಲ ಬಂತೆಂದರೆ ಬಕೆಟಿನ ನೀರು ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟಿರುತ್ತದೆ. ಚಿನ್ನಿಗೆ ಆಗಲೇ ಕೆಮ್ಮು ಹತ್ತಿತ್ತು. "ಎದೇಲಿ ಕಫ ಕಟ್ಟಿದೆ. ಹೊರಗೇ ಮಲಗಿದ್ರೆ ಈ ಚಳಿಗಾಲ ದಾಟೋದು ಕಷ್ಟ," ಎಂದರು ಡಾಕ್ಟರು.

"ಅಲ್ಲೇ ಒಂದು ಮನೆ ಕಟ್ತೀನಿ ಅಕ್ಕಾ," ಎಂದ ತಮ್ಮ.

"ಮನೆ ಅಂದ್ರೇನೇ ಆಗಲ್ಲ ಅವಳಿಗೆ, ಇನ್ನೊಂದು ಕಟ್ತಾನಂತೆ. ತಲೆ ಕೆಟ್ಟಿದ್ಯೇನೋ ನಿಂಗೆ?"

"ಮನೆ ಅಂತ ಅನ್ನಿಸದ ಹಾಗೆ ಕಟ್ತೀನಿ."

ಅವನು ಕಾಗದದ ಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಅವಳು ಮಲಗುತ್ತಿದ್ದ ಜಾಗದಲ್ಲಿ ಮೊದಲು ಮಂಚ ಹಾಕಿದ, ಆಮೇಲೆ ಅದರ ಸುತ್ತ ಮನೆ ಶುರುಮಾಡಿದ. ಮಂಚದ ಹಿಂದೆ ದೊಡ್ಡ ಬಂಡೆಯಿತ್ತು. ಗಾಳಿ ಬರುವುದು ಆ ಕಡೆಯಿಂದಲೇ, ಹಾಗಾಗಿ ಅದೇ ಒಂದು ಗೋಡೆಯಾಯಿತು. ಚಾವಣಿಯನ್ನು ದಿಬ್ಬದ ಇಳಿಜಾರಿಗೇ ಸರಿಯಾಗಿ ಇಳಿಬಿಟ್ಟ, ಉದುರಿದ ಎಲೆ ತಾನಾಗಿಯೇ ಜಾರಿಹೋಗಲಿ ಎಂದು. ಹಲಗೆಗಳಿಗೆ ಬಣ್ಣ ಬಳಿಯಲಿಲ್ಲ. ತೊರೆಯಾಚೆಯಿಂದ ನೋಡಿದರೆ ಮರ ಯಾವುದು ಮನೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಮೊಳೆ ಹೊಡೆಯುವ ಸದ್ದಿಗೆ ಅವಳು ಬೆಚ್ಚುತ್ತಾಳೆಂದು ಎಲ್ಲಕ್ಕೂ ಸ್ಕ್ರೂ. ಒಂದು ಹಲಗೆ ಕೂರಿಸುವುದು, ಅವಳ ಮುಖ ನೋಡುವುದು. ಉಸಿರು ಜೋರಾದರೆ ತೆಗೆದುಬಿಡುವುದು, ನಾಳೆ ಮತ್ತೆ ಹಾಕುವುದು. "ಏನಪ್ಪಾ, ಗುಬ್ಬಿಗೂಡಾ?" ಎಂದು ದಾರಿಹೋಕರು ನಗುತ್ತಿದ್ದರು. ನಾನು ಅವರನ್ನು ಬೈದು ಅಟ್ಟುತ್ತಿದ್ದೆ, ಅವನು ಮಾತ್ರ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಹೀಗೆ ಮೂರು ಕಡೆ ಮುಚ್ಚಿಯಾಯಿತು, ಚಿನ್ನಿ ಸಹಿಸಿಕೊಂಡಳು. ಮೂಲೆಯಲ್ಲೊಂದು ಪುಟ್ಟ ಒಲೆ, ತಲೆದೆಸೆಗೆ ಕೈಗೆಟಕುವ ಗೂಡು. ನನಗೇ ಅಲ್ಲಿ ಮುದುರಿ ಮಲಗುವ ಆಸೆಯಾಗುತ್ತಿತ್ತು. ಉಳಿದದ್ದು ತೊರೆಯ ಕಡೆಯ ಒಂದೇ ಬದಿ. ಬಾಗಿಲು ಹಚ್ಚಿದ, ಅವಳು ಓಡಿದಳು. ಅರ್ಧ ಬಾಗಿಲು, ಗಾಜು, ಯಾವುದೂ ನಡೆಯಲಿಲ್ಲ. ಬರೀ ಒಂದು ಬಟ್ಟೆಯ ಪರದೆ ಇಳಿಬಿಟ್ಟ ದಿನ ಬರಿಗಾಲಲ್ಲಿ ಓಡಿಹೋಗಿ ತೊರೆಯ ಕೊರೆಯುವ ನೀರಿನಲ್ಲಿ ನಿಂತಿದ್ದಳು. ಅಷ್ಟರಲ್ಲಿ ಚಳಿ ಬಂದೇಬಿಟ್ಟಿತು. ಒಲೆಯ ಕಾವೆಲ್ಲ ಆ ಬದಿಯಿಂದ ಹೊರಗೆ ಹೋಗುತ್ತಿತ್ತು, ಕೆಮ್ಮು ಏರುತ್ತಿತ್ತು.

ನನ್ನ ತಾಳ್ಮೆ ಮುಗಿಯಿತು. "ಕೈಕಾಲು ಹಿಡ್ಕೊಂಡಾದ್ರೂ ಬಾಗಿಲು ಹಾಕಿಬಿಡೋಣ ಕಣೋ. ಒಂದಿನ ಕಿರುಚ್ತಾಳೆ, ಆಮೇಲೆ ಸರಿಹೋಗ್ತಾಳೆ. ಜೀವ ಮುಖ್ಯ ಅಲ್ವಾ?"

"ಆ ಕಟ್ಟಡದಡಿ ಕಲ್ಲುಗಳನ್ನ ಕೆರೆದೂ ಕೆರೆದೂ ಅವಳ ಉಗುರೆಲ್ಲಾ ಕಿತ್ಹೋಗಿತ್ತು ಅಕ್ಕಾ. ಇನ್ನೂ ಪೂರ್ತಿ ಬಂದಿಲ್ಲ," ಎಂದ. ನಾನು ಒಲೆಗೆ ಇನ್ನೊಂದು ಸೌದೆ ತುರುಕಿದೆ.

ನಿನ್ನೆ ಗಾಳಿ ದಿಕ್ಕು ಬದಲಿಸಿ ತೊರೆಯ ಕಡೆಯಿಂದಲೇ ಬೀಸಿತು. ಸಂಜೆ ಬಿಸಿ ಹಾಲು ತೆಗೆದುಕೊಂಡು ಹೋದೆ. ತಮ್ಮ ಆ ತೆರೆದ ಬದಿಗೆ ಅಡ್ಡಲಾಗಿ ಮಲಗಿದ್ದ, ಬೆನ್ನು ಗಾಳಿಗೆ, ಮುಖ ಮಗಳಿಗೆ. ಮೇಲೆ ಇದ್ದಬದ್ದ ಕಂಬಳಿಗಳನ್ನೆಲ್ಲ ಒಟ್ಟಿಕೊಂಡಿದ್ದ. ಅವನನ್ನು ದಾಟಿ ಒಳಗೆ ಹೋದರೆ ನಿಜಕ್ಕೂ ಬೆಚ್ಚಗಿತ್ತು. ಚಿನ್ನಿ ಕೆಮ್ಮುತ್ತಿರಲಿಲ್ಲ. ಅಂತೂ ದಾರಿ ಸಿಕ್ಕಿತಲ್ಲ ಎಂದುಕೊಂಡೆ, ಕಣ್ಣು ತುಂಬಿತು.

ಅವಳು ಎದ್ದು ಕೂತಳು. ಒಂದು ಕೈ ಎದೆಯ ಮೇಲಿತ್ತು.

"ಅಪ್ಪಾ, ಒಂಚೂರು ಆಚೆ ಸರೀತೀಯಾ? ಮುಚ್ಚಿದ ಹಾಗಾಗ್ತಿದೆ."

ತಮ್ಮ ಎದ್ದು ಪಕ್ಕಕ್ಕೆ ಸರಿದ. ತೊರೆಯ ಗಾಳಿ ನೇರ ಮಂಚಕ್ಕೆ ಬಂತು. ಅವಳು ಹಾಯಾಗಿ ಒಂದು ಉಸಿರು ಎಳೆದುಕೊಂಡಳು, ಮತ್ತೆ ಕೆಮ್ಮತೊಡಗಿದಳು.