ನಾನು ಕಟ್ಟಿದ ರುಮಾಲು

ಹೆಣಕ್ಕೆ ನೀರು ಹಾಕುವಾಗ ಅಂಗಳದಲ್ಲಿ ನಾವು ನಾಲ್ವರಿದ್ದೆವು. ಸತ್ತ ಗೆಳೆಯನ ಸೋದರಮಾವ, ವಿಭೂತಿ ಹಚ್ಚಲು ಬಂದ ಸ್ವಾಮಿಗಳು, ರಾವೂರ ಹತ್ತಿರದ ಕಲ್ಲುಗಣಿಯಲ್ಲಿ ಅವನ ಪಾಲುದಾರನಾಗಿದ್ದವನು, ಮತ್ತು ನಾನು. ಕೊಡ ಎತ್ತಿ ನೀರು ಹೊಯ್ದವನು ಪಾಲುದಾರನೇ. ಗಣಿಯ ಅಂಚಿನಿಂದ ಕಾಲು ಜಾರಿ ಬಿದ್ದ ಅಂತ ಸುದ್ದಿ ತಂದವನೂ ಅವನೇ.

‘ಪೊಲೀಸರಿಗೆ ಹೇಳಿದರ ಹೆಣ ಕೊಯ್ತಾರ್ರಿ. ಯಾಕ್ ಬೇಕು?’ ಅಂದಿದ್ದ. ನಾವೂ ಹೌದೆಂದೆವು.

ತಲೆ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಹಿಂದಲೆಗೆ ಕೈ ಹೋದಾಗ ಬೆರಳು ಒಳಗಿಳಿಯಿತು. ಎರಡು ಕುಳಿ, ಅಕ್ಕಪಕ್ಕ. ಎಲುಬಿನ ಚೂರು ಕೂದಲಿಗೆ ಅಂಟಿತ್ತು. ಮುಖದ ಮೇಲೆ ನೋಡಿದರೆ ಒಂದು ತರಚು ಗಾಯವಿಲ್ಲ. ಒಳಗೆ ಅವನ ತಾಯಿ ಎದೆ ಬಡಿದುಕೊಳ್ಳುತ್ತಿದ್ದಳು. ನಮ್ಮಲ್ಲಿ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿ ಹೆಂಗಸರಿಗೆ ಕಡೆಯ ಸಲ ಮುಖ ತೋರಿಸುತ್ತಾರೆ. ಆ ತಾಯಿ ಇದನ್ನು ಕಾಣಬಾರದು ಅನಿಸಿತು. ಹತ್ತಿ ತುರುಕಿ, ಬಿಳಿ ರುಮಾಲನ್ನು ತಲೆಗೆ ಸುತ್ತಿ ಕತ್ತಿನವರೆಗೆ ಇಳಿಸಿ ಬಿಗಿದು ಕಟ್ಟಿದೆ. ಯಾರಿಗೂ ಹೇಳಲಿಲ್ಲ. ಹೊತ್ತು ಮುಳುಗುವುದರೊಳಗೆ ಅವರ ಹೊಲದಲ್ಲೇ ಮಣ್ಣು ಮಾಡಿದೆವು.

ಗೆಳೆಯನ ಅಕ್ಕ ಹೈದರಾಬಾದಿನಲ್ಲಿ ಟಿವಿಗೆ ಕೊಲೆ ಪ್ರಕರಣಗಳ ಕಾರ್ಯಕ್ರಮ ತಯಾರಿಸುತ್ತಿದ್ದಳು. ವಾಡಿಯಲ್ಲಿ ರೈಲಿಳಿದು ಚಿತ್ತಾಪುರದ ಮನೆಗೆ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು, ತಮ್ಮನ ಮುಖವೂ ಸಿಗಲಿಲ್ಲ. ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಒಬ್ಬಳೇ ಗಣಿಗೆ ಹೋಗಿ ಬಂದಳು. ಬಿದ್ದನೆಂದ ಜಾಗ ಎದೆಯೆತ್ತರವೂ ಇರಲಿಲ್ಲವಂತೆ. ಅಂದೇ ನಮ್ಮ ನಾಲ್ವರನ್ನೂ ಕರೆಸಿದಳು.

‘ತಲಿ ಯಾರು ತೊಳದೀರಿ?’

ಮಾವನಿಗೆ ಸಿಟ್ಟು ಬಂತು. ‘ಟಿವಿಯಾಗ ಮಂದಿ ಹೆಣ ಮಾರಿ ಮಾರಿ, ಈಗ ಮನಿ ಹೆಣಕ್ಕ ಬಂದೇನವಾ?’

‘ಹೌದ್ ಮಾವ, ಮಾರೀನಿ. ಅದಕ್ಕೇ ಕೇಳ್ಲಾಕತ್ತೀನಿ.’ ನನ್ನ ಕಡೆ ತಿರುಗಿದಳು. ‘ನೀ ಹೇಳಪಾ ತಮ್ಮಾ.’

ಪಾಲುದಾರ ಎದುರಿಗೇ ಚಹಾ ಕುಡಿಯುತ್ತಿದ್ದ. ಬಾಗಿಲ ಹಿಂದೆ ತಾಯಿಯ ಸೆರಗು ಕಾಣುತ್ತಿತ್ತು. ಬಾಯಿ ಬಿಟ್ಟರೆ ಅವಳ ಕಿವಿಗೆ ಬೀಳುತ್ತದೆ. ಬಿಡದಿದ್ದರೆ ಗೆಳೆಯ ಜಾರಿ ಬಿದ್ದವನಾಗಿಯೇ ಉಳಿಯುತ್ತಾನೆ.

‘ಹಿಂದ ಎರಡು ಕುಳಿ ಇದ್ದುವಕ್ಕಾ. ಸುತ್ತಿಗಿ ಮುಖದಷ್ಟು ಅಗಲ. ರುಮಾಲ ಕಟ್ಟಿ ಮುಚ್ಚಿದಾಂವ ನಾನೇ.’

‘ಲೇ, ತಲಿ ಕೆಟ್ಟದೇನಲೇ ನಿನಗ?’ ಪಾಲುದಾರ ಕಪ್ಪು ಬಿಸಾಕಿ ನನ್ನ ಕುತ್ತಿಗೆ ಹಿಡಿದ. ನನ್ನ ತಲೆ ಗೋಡೆಗೆ ಅಪ್ಪಳಿಸಿತು, ಮತ್ತೊಮ್ಮೆ ಅಪ್ಪಳಿಸಿತು, ಬಾಯಿ ತುಂಬ ರಕ್ತ. ಮಾವ ಮತ್ತು ಸ್ವಾಮಿಗಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ತಾಯಿ ಹೊರಗೆ ಬಂದಳು. ‘ಮುಟ್ಟಬ್ಯಾಡೋ ಅವನ್ನ. ಪೂರಾ ಹೇಳ್ಲಿ.’

ಪೂರಾ ಹೇಳಿದೆ. ಅವಳು ನನ್ನ ಕೆನ್ನೆಗೆ ಹೊಡೆದಳು. ಆಮೇಲೆ ನನ್ನನ್ನೇ ತಬ್ಬಿಕೊಂಡು ಅತ್ತಳು.

ಅಕ್ಕ ಪೊಲೀಸರಿಗೆ ದೂರು ಕೊಟ್ಟಳು. ತಹಶೀಲ್ದಾರರ ಎದುರು ಕುಣಿ ಅಗೆದು ಹೆಣ ಹೊರತೆಗೆದಾಗ ಡಾಕ್ಟರು ಎರಡು ಪೆಟ್ಟು ಬರೆದುಕೊಂಡರು. ಪಕ್ಕದವರ ಹೊಲದೊಳಕ್ಕೆ ನುಗ್ಗಿ ಕಲ್ಲು ಕೀಳಬೇಡವೆಂದು ಪಾಲುದಾರನನ್ನು ತಡೆದದ್ದೇ ಗೆಳೆಯನ ತಪ್ಪಾಗಿತ್ತು.

ಕೋರ್ಟಿನಲ್ಲಿ ನನ್ನ ಸಾಕ್ಷಿಯ ಹಿಂದಿನ ವಾರ ಶಹಾಬಾದ್ ರಸ್ತೆಯಲ್ಲಿ ಪಾಲುದಾರನ ಕಡೆಯ ಇಬ್ಬರು ನನ್ನ ಬೈಕು ಅಡ್ಡಗಟ್ಟಿ, ಬಲಗೈಯನ್ನು ರಸ್ತೆಗೆ ಒತ್ತಿ ಹಿಡಿದು ಕಬ್ಬಿಣದ ಸಲಾಕೆಯಿಂದ ಜಜ್ಜಿದರು. ಮೂರು ಬೆರಳು ಹೋದವು. ಅಕ್ಕ ಆಸ್ಪತ್ರೆಯಿಂದಲೇ ನನ್ನನ್ನು ಕಾರಿನಲ್ಲಿ ಕೋರ್ಟಿಗೆ ಕರೆದೊಯ್ದಳು. ನಾನು ನಿಂತು ಸಾಕ್ಷಿ ಹೇಳಿದೆ, ಎಡಗೈ ಹೆಬ್ಬೆಟ್ಟು ಒತ್ತಿ ಹೊರಬಂದೆ.