ಯಾವ ಬೆಲ್ಲದ ಬಣ್ಣ

ನಮ್ಮ ಚಿಕ್ಕವ್ವ ಶಿವನಂಜಮ್ಮ ಬೈಕು ಕಲಿತದ್ದು ನಲವತ್ತು ದಾಟಿದ ಮೇಲೆ, ಆಲೆಮನೆಯ ಮುಂದೆ ಕಬ್ಬಿನ ಸಿಪ್ಪೆ ಒಣಹಾಕುವ ಬಯಲಿನಲ್ಲಿ. ಬಿದ್ದರೂ ಸಿಪ್ಪೆಯ ಮೇಲೆ ತಾನೇ ಬೀಳುವುದು ಎಂಬ ಧೈರ್ಯ ಅವಳದು. ಬಿದ್ದಳು, ಎದ್ದಳು, ಕಲಿತಳು. ಸ್ಕೂಟರ್ ಸಾಕಾಗಿತ್ತು ಎಂದು ಚಿಕ್ಕಪ್ಪ ಜವರಯ್ಯ ಗೊಣಗಿದಾಗ, "ಎಲ್ಡ್ ಮೂಟೆ ಬೆಲ್ಲಾನ ಎಲ್ಲಿಕ್ಕೊಳ್ಳಿ, ನಿಮ್ ತಲೆ ಮ್ಯಾಲಾ?" ಎಂದು ಬಾಯಿ ಮುಚ್ಚಿಸಿದಳು.

ವೈದ್ಯನಾಥಪುರದ ಆಚೆಗಿನ ನಮ್ಮೂರಲ್ಲಿ ಅವಳ ಆಲೆಮನೆಯ ಬೆಲ್ಲ ಮಾತ್ರ ಕಪ್ಪು. ಕೊಪ್ಪರಿಗೆಗೆ ಬಣ್ಣ ಬರಿಸುವ ಪುಡಿ ಹಾಕುವುದನ್ನು ಅವಳು ಬಿಟ್ಟು ಎರಡು ವರ್ಷವಾಗಿತ್ತು. ಪುಡಿ ಹಾಕಿದರೆ ಬೆಲ್ಲ ಚಿನ್ನದ ಹಾಗೆ ಹಳದಿ, ಹಾಕದಿದ್ದರೆ ಹುಣಸೆಹಣ್ಣಿನ ಕಪ್ಪು. ಮಂಡ್ಯದ ಗುತ್ತಲು ಬಡಾವಣೆಯಲ್ಲಿ ಭಾನುವಾರ ಬೆಳಿಗ್ಗೆ ಮಾರಲು ಕೂತರೆ, ಜನ ಬಗ್ಗಿ ನೋಡಿ, "ಸೀದೋಗದಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಹೀಗೇ ಆದರೆ ಯುಗಾದಿಯ ಹೊತ್ತಿಗೆ ಮತ್ತೆ ಪುಡಿ ಹಾಕೋಣ ಎಂದು ಚಿಕ್ಕಪ್ಪ ಹೇಳಿಬಿಟ್ಟಿದ್ದ. ಆ ಮಾತು ಚಿಕ್ಕವ್ವನಿಗೆ ಚುಚ್ಚಿತ್ತು.

"ಕಪ್ಪು ಅಂತ ಮುಚ್ಚಿಕ್ಕೊಂಡ್ರೆ ತಾನೆ ನಗೋದು? ಗಾಡಿಗೇ ಬಳಿಸ್ಬುಡ್ತೀನಿ," ಎಂದಳು. ಮಾಸಿದ ನೀಲಿ ಬೈಕನ್ನು ಭಾರತೀನಗರಕ್ಕೆ ತಂದು, ಮಳವಳ್ಳಿ ರಸ್ತೆಯಲ್ಲಿ ಪೇಂಟಿಂಗ್ ಅಂಗಡಿ ಇಟ್ಟಿರುವ ಕೆಂಪರಾಜುವಿಗೆ ಒಪ್ಪಿಸಿದಳು. ಹೇಳಿದ್ದು ಒಂದೇ ಮಾತು: "ಬೆಲ್ಲದ ಬಣ್ಣ ಒಡಿಯಪ್ಪ."

ಶನಿವಾರ ಬೆಳಿಗ್ಗೆ ಗಾಡಿ ತರಲು ನಾವಿಬ್ಬರೂ ಬಸ್ಸಿಳಿದು ಹೋದೆವು. ಹಬ್ಬಕ್ಕೆ ಹೊರಟವಳಂತೆ ಅವಳು ನನಗಿಂತ ಮುಂದೆ ಮುಂದೆ ನಡೆಯುತ್ತಿದ್ದಳು. ಅಂಗಡಿಯ ಮುಂದೆ ಬೈಕು ನಿಂತಿತ್ತು. ಫಳಫಳ ಹಳದಿ.

ಚಿಕ್ಕವ್ವ ಒಂದು ಸುತ್ತು ಹಾಕಿ ನೋಡಿದಳು. "ಏನ್ಲಾ ಇದು, ಅರಿಸಿನ ಬಳ್ದಿದ್ದೀಯ? ನನ್ ಗಾಡಿಗೇನು ಮದ್ವೆನಾ?"

"ನೀವೇ ಅಂದ್ರಲ್ಲಕ್ಕ, ಬೆಲ್ಲದ ಬಣ್ಣ ಅಂತ. ಮಾರ್ಕೆಟ್ಗೋಗಿ ನೋಡಿ, ಇಂಗೇ ಇರೋದು."

"ಮಾರ್ಕೆಟ್ ಬೆಲ್ಲ ಅಂದ್ನೇನ್ಲಾ ನಾನು? ಬೆಲ್ಲ ಅಂದೆ."

ಅಲ್ಲೇ ತನ್ನ ಸರದಿಗೆ ಕಾಯುತ್ತಿದ್ದ ಸ್ವಾಮಿ ಎಂಬಾತ ನಕ್ಕ. ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವವನು. ಅವನ ಬೈಕಿಗೆ ಬೇಕಾದದ್ದು ಕೆಂಪು. "ಇರ್ಲಿ ಬುಡವ್ವ. ನಾಕೂರಿಗೆ ಕಾಣ್ತದೆ. ನಾನ್ ಕೆಂಪು ಬಳಿಸ್ತಿರೋದೂ ಅದ್ಕೇಯ."

"ನೀನು ಬತ್ತಿದ್ದೀಯ ಅಂತ ಗೊತ್ತಾದ್ರೆ ಸಾಲಗಾರ್ರು ಓಡೋಗಕ್ಕಾ?" ಎಂದಳು ಚಿಕ್ಕವ್ವ.

"ಸಾಲಗಾರ್ರಲ್ಲ ಕಣಕ್ಕ, ಎಣ್ಣು ಕೊಡೋರು ಓಡ್ತಾವ್ರೆ," ಎಂದ ಕೆಂಪರಾಜು. "ಎಂಗೆ ನೋಡಿದ್ರೂ ಕಪ್ಪು ಕೇಳೋರೇ ಜಾಸ್ತಿ. ದೃಷ್ಟಿ ಬೀಳಲ್ವಂತೆ. ಕಾಲೇಜ್ ಮೇಷ್ಟ್ರುಗಳು ಬೂದಿ ಬಣ್ಣ ಕೇಳ್ತಾರೆ, ದೂಳು ಕಾಣಲ್ಲ ಅಂತ. ಬೆಲ್ಲ ಕೇಳ್ದೋರು ನೀವೊಬ್ರೇಯ."

ಚಿಕ್ಕವ್ವ ನಗಲಿಲ್ಲ. ಚೀಲದಿಂದ ಒಂದು ಅಚ್ಚು ಬೆಲ್ಲ ತೆಗೆದು ಹಳದಿ ಟ್ಯಾಂಕಿನ ಮೇಲಿಟ್ಟಳು. "ನಾಳಿಕ್ಕೆ ಈ ಗಾಡಿ ಮ್ಯಾಲೆ ಈ ಬೆಲ್ಲ ಇಕ್ಕೊಂಡೋದ್ರೆ ಜನ ಏನಂತಾರೆ ಏಳು. ಗಾಡಿ ಒಳ್ಳೇದು, ಬೆಲ್ಲ ಸೀದದ್ದು ಅಂತಾರೆ. ನಮ್ಮನೇರು ನಾಳಿದ್ದೇ ಪುಡಿ ತತ್ತಾರೆ."

ಕೆಂಪರಾಜು ಬೆಲ್ಲವನ್ನು ಕೈಗೆತ್ತಿಕೊಂಡ. ಮುರಿದು ಒಂದು ಚೂರು ಬಾಯಿಗೆ ಹಾಕಿಕೊಂಡ. ಉಳಿದದ್ದನ್ನು ಬಣ್ಣ ಗುರುತಿಸಲೆಂದು ಬಿಸಿಲಿಗೆ ಹಿಡಿದವನು ಹಾಗೇ ನಿಂತ. ಮುರಿದ ತೆಳುವಾದ ಅಂಚಿನಲ್ಲಿ ಬೆಲ್ಲ ಕಪ್ಪಾಗಿರಲಿಲ್ಲ. ಕೆಂಪು, ಅದರೊಳಗೆ ಹೊನ್ನು.

"ಅಕ್ಕ, ಇಲ್ನೋಡಿ. ಒಳಗೆ ಅಳದಿ ಅದೆ."

"ಇಲ್ದೆ ಇರ್ತದಾ? ಕಬ್ಬಿನ ಆಲಲ್ವಾ."

"ಅಂಗಾದ್ರೆ ನಾನ್ ಒಡ್ದಿರೋದು ಅರ್ಧ ಸರಿ. ಇದನ್ನ ಕೆರೆದಾಕಲ್ಲ. ಇದ್ರ ಮ್ಯಾಲೆ ಕಂದು ಬಣ್ಣಾನ ಗಾಜಿನಂಗೆ ತೆಳ್ಳಗೆ ಒಡೀತೀನಿ. ನೆಳ್ಳಲ್ಲಿ ಕಪ್ಪು, ಬಿಸ್ಲಲ್ಲಿ ಒಳಗಿಂದ ಒಳೀತದೆ."

"ತಪ್ಪು ಮುಚ್ಕೊಳಕ್ಕೆ ಏಳ್ತಿದ್ದೀಯೋ, ನಿಜವೋ?"

"ಎಲ್ಡೂವೆ," ಎಂದ ಕೆಂಪರಾಜು.

ಸ್ವಾಮಿ ತನ್ನ ಸರದಿ ಬಿಟ್ಟುಕೊಟ್ಟ. ಬಿಟ್ಟುಕೊಟ್ಟವನು ಮನೆಗೂ ಹೋಗದೆ ಸ್ಟೂಲು ಎಳೆದುಕೊಂಡು ಕೂತ. ಮೊದಲ ಸಲ ಬಣ್ಣ ಒಣಗಿದಾಗ ಬೈಕು ಜೇನಿನಂತಿತ್ತು. ಚಿಕ್ಕವ್ವ ಕೊಪ್ಪರಿಗೆಯ ಮುಂದೆ ನಿಂತವಳಂತೆ ಕಣ್ಣು ಕಿರಿದು ಮಾಡಿ, "ಇನ್ನೂ ಪಾಕ ಬಂದಿಲ್ಲ," ಎಂದಳು. ಇನ್ನೊಂದು ಸಲ ಹೊಡೆದ. "ಇನ್ನೊಸಿ." ಮತ್ತೂ ಒಂದು ಸಲ ಹೊಡೆದಾಗ ಅವಳು ಸಟ್ಟನೆ ಕೈ ಎತ್ತಿದಳು. "ಇಳ್ಸು." ಒಲೆಯಿಂದ ಕೊಪ್ಪರಿಗೆ ಇಳಿಸಲು ಹೇಳುವ ಮಾತು. ಕೆಂಪರಾಜುವಿಗೆ ಅರ್ಥವಾಗಿ ಬಣ್ಣ ಹೊಡೆಯುವ ಗನ್ನು ಕೆಳಗಿಟ್ಟ.

ಭಾನುವಾರ ಗುತ್ತಲಿನಲ್ಲಿ ಚಿಕ್ಕವ್ವ ಬೈಕನ್ನು ಬೇಕೆಂದೇ ಬಿಸಿಲಿಗೆ ನಿಲ್ಲಿಸಿದಳು. ಮೊದಲು ಹುಡುಗರು ಬಂದರು, ಆಮೇಲೆ ಗಂಡಸರು. ಗಾಡಿ ಯಾವ ವರ್ಷದ್ದು, ಎಲ್ಲಿ ಬಳಿಸಿದ್ದು ಎಂದೆಲ್ಲ ಕೇಳಿದರು. ಬೆಲ್ಲವನ್ನು ಯಾರೂ ಕೇಳಲಿಲ್ಲ. ಆಗ ತರಕಾರಿ ಚೀಲ ಹಿಡಿದ ಒಬ್ಬ ಹೆಂಗಸು ಟ್ಯಾಂಕನ್ನು ಬೆರಳಿನಿಂದ ಸವರಿ, "ಇದ್ಯಾವ ಬಣ್ಣವಮ್ಮ, ಇಷ್ಟು ಚೆನ್ನಾಗಿದೆ?" ಎಂದರು.

"ಬೆಲ್ಲದ್ದು ಕಣಮ್ಮ. ತಗಳಿ, ಬಾಯ್ಗಾಕ್ಕೊಂಡು ನೋಡಿ."

ಆಕೆ ಚೂರನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ಟ್ಯಾಂಕಿನ ಪಕ್ಕ ಹಿಡಿದು ನೋಡಿದರು. ಎರಡೂ ಒಂದೇ. ತಿಂದರು. ಮತ್ತೊಂದು ಚೂರು ಕೇಳಿದರು. ಹಿಂದೆ ನಿಂತಿದ್ದವರೂ ಕೈ ಚಾಚಿದರು. ಬಿಸಿಲು ಏರುವ ಮೊದಲೇ ಮೂಟೆಗಳು ಬರಿದಾದವು. ಚಿಕ್ಕವ್ವ ಅಲ್ಲಿಂದಲೇ ಚಿಕ್ಕಪ್ಪನಿಗೆ ಫೋನು ಮಾಡಿ, "ಕಬ್ಬು ಕಡಿಸಿ," ಎಂದಷ್ಟೇ ಹೇಳಿ ಇಟ್ಟಳು.

ಮೊನ್ನೆ ಆ ಅಂಗಡಿಗೆ ಹೋಗಿದ್ದೆ. ಮದ್ದೂರಿನಿಂದ ಬಂದ ಯಾರೋ ಬೆಲ್ಲದ ಬಣ್ಣ ಹೊಡೆದುಕೊಡಿ ಎನ್ನುತ್ತಿದ್ದರು. ಕೆಂಪರಾಜು ಡಬ್ಬಿ ತೆಗೆಯುವ ಮೊದಲು ಕೇಳಿದ:

"ಯಾವ ಬೆಲ್ಲ ಸಾ?"